ಸಿಹಿ ಆಗದ ಮಗಳು

ಕಾರ್ತಿಕದ ಗೌರಿ ಹುಣ್ಣಿಮೆಯ ಬೆಳಿಗ್ಗೆ ಅಜ್ಜಂಪುರದ ಪಂಚಾಕ್ಷರಪ್ಪನವರು ತರೀಕೆರೆಯಲ್ಲಿ ಬಸ್ಸಿಳಿದಾಗ ಅವರ ತಲೆಯ ಮೇಲೊಂದು ಬುಟ್ಟಿಯಿತ್ತು. ಕೊಬ್ಬರಿ ಮಂಡಿಯ ಯಜಮಾನರು ತಲೆಯ ಮೇಲೆ ಪೇಟವಲ್ಲದೆ ಬೇರೇನನ್ನಾದರೂ ಹೊತ್ತದ್ದನ್ನು ನೋಡಿದವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ಕೂಲಿಯವನು ಕೈ ಚಾಚಿದರೆ, “ಬ್ಯಾಡ ಬಿಡಪ್ಪ, ನೀನು ಎತ್ತಾಕಿದ್ರೆ ಗೋಪುರ ಮುರಿದೋಯ್ತದೆ” ಎಂದರು. ಹಿಂದೆ ಅವರ ಹೆಂಡತಿ ತೀರ್ಥಮ್ಮ ಉಳಿದ ಗಂಟುಮೂಟೆಯನ್ನೆಲ್ಲ ಹೊತ್ತು ಬರುತ್ತಿದ್ದರು. ಅವುಗಳಲ್ಲಿ ಮುರಿದುಹೋಗುವಂಥದ್ದು ಏನೂ ಇರಲಿಲ್ಲವಾದ್ದರಿಂದ ಆ ಕಡೆ ಯಾರೂ ನೋಡಲಿಲ್ಲ.

ಬುಟ್ಟಿಯಲ್ಲಿದ್ದದ್ದು ಸಕ್ಕರೆ. ಮರದ ಅಚ್ಚಿಗೆ ಪಾಕ ಹೊಯ್ದು ತೆಗೆದ ಗೋಪುರ, ತೇರು, ಗಿಳಿ, ಬಾಳೆಗೊನೆ, ಬಸವಣ್ಣ. ಬಿಳಿಯದು ಒಂದಿಷ್ಟು, ಹಳದಿ ಒಂದಿಷ್ಟು, ಮಿಕ್ಕದ್ದೆಲ್ಲ ಗುಲಾಬಿ. ಯಾವ ಗುಲಾಬಿ ಹೂವೂ ತನ್ನದೆಂದು ಒಪ್ಪಿಕೊಳ್ಳದಂಥ ಗುಲಾಬಿ. ಆ ಸೀಮೆಯ ಹೆಣ್ಣುಮಕ್ಕಳು ಹುಣ್ಣಿಮೆಯ ಸಂಜೆ ಇವನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವಿಟ್ಟು ಗೌರಿಗೆ ಬೆಳಗುತ್ತಾರೆ. ಸಕ್ಕರೆ ಆರತಿ ಎಂದು ಅದರ ಹೆಸರು. ಗೌರಿಗೆ ದೀಪದ ಬೆಳಕಷ್ಟೇ ಸಾಕು. ಸಕ್ಕರೆ ಮಕ್ಕಳ ಪಾಲು.

ಎಪ್ಪತ್ತೊಂಬತ್ತನೆಯ ಇಸವಿ ಅದು. ಸಕ್ಕರೆಯ ಬೆಲೆ ಕೇಳಿ ದೊಡ್ಡ ದೊಡ್ಡ ಮನೆಗಳೇ ಬೆಲ್ಲದ ಕಾಫಿಗೆ ಇಳಿದಿದ್ದವು. ಹೀಗಾಗಿ ಬುಟ್ಟಿ ಬಾಗಿಲು ದಾಟುವ ಮೊದಲೇ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳು ವಿಮಲಾ ಮಾತ್ರ ದಾರಿ ಬಿಡಲಿಲ್ಲ.

“ಏನಪ್ಪಾಜಿ ಇದು, ಯಾರ ಮದುವೆ?”

“ನನ್ನ ಮೊಮ್ಮಗಳು ಆರತಿ ಎತ್ತೋದು ಮದುವೆಗಿಂತ ಕಮ್ಮಿ ಏನೇ? ಕಡೂರಿಗೇ ಹೋಗಿ ತಂದೆ. ನಮ್ಮೂರಲ್ಲಿ ಹುಯ್ಯೋನ ಅಚ್ಚು ಸವೆದೋಗಿದಾವೆ. ಅವನ ಗಿಳಿ ನೋಡಿದ್ರೆ ಕೋಳಿ ಥರ ಕಾಣ್ತದೆ.”

“ಚೌಕಾಸಿ ಮಾಡಿದ್ರಾ?”

“ಗೌರಿ ಸಾಮಾನಿಗೆ ಯಾರಾದ್ರೂ ಚೌಕಾಸಿ ಮಾಡ್ತಾರೇನೇ, ಹುಚ್ಚಿ!”

ಯಗಟಿ ಕಡೆಯ ರೈತರು ಕೊಬ್ಬರಿ ತಂದರೆ, ತೂಕವಾದ ಮೇಲೂ ಚೀಲಕ್ಕೆ ಕೈಹಾಕಿ ಎರಡು ಗಿಟುಕನ್ನು “ಇದು ಧರ್ಮಕ್ಕೆ” ಎಂದು ಎತ್ತಿಟ್ಟುಕೊಳ್ಳುತ್ತಿದ್ದ ಬಾಯಿಂದ ಬಂದ ಮಾತು ಇದು. ಆ ಧರ್ಮ ಯಾರ ಹೊಟ್ಟೆ ಸೇರುತ್ತಿತ್ತೆಂದು ವಿಮಲಾಳಿಗೆ ಗೊತ್ತಿತ್ತು. ಅವಳು ಪಕ್ಕಕ್ಕೆ ಸರಿದಳು. ಬುಟ್ಟಿ ಒಳಗೆ ಹೋಯಿತು. ಅದರ ಹಿಂದೆಯೇ ನೊಣಗಳೂ ಹೋದವು.

ವಿಮಲಾ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನೊಣದ ಕಾಲಿನ ರೋಮಗಳ ಬಗ್ಗೆ ಅವಳು ಪಾಠ ಮಾಡಿದರೆ ಮಧ್ಯಾಹ್ನ ಅರ್ಧ ಕ್ಲಾಸು ಊಟ ಬಿಡುತ್ತಿತ್ತು. ನಡುಮನೆಯಲ್ಲಿ ಬುಟ್ಟಿಯ ಬಟ್ಟೆ ಸರಿಸಿದಾಗ ಗುಲಾಬಿ ಗೋಪುರಕ್ಕೆ ಅಂಟಿದ್ದ ಒಂದು ಕರಿಯ ಕೂದಲನ್ನು ಮೊದಲು ಕಂಡವಳೂ ಅವಳೇ. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಕಡೂರಿನ ಅಚ್ಚಿನಲ್ಲಿ ಇದೂ ಬರುತ್ತಾ?” ಎಂದಳು.

“ಕೂದ್ಲು ತೆಗೆದ್ರೆ ಹೋಯ್ತದೆ ಕಣಮ್ಮ. ಸಕ್ಕರೆಗೆ ಮಡಿ ಮೈಲಿಗೆ ಇಲ್ಲ” ಎಂದರು ಪಂಚಾಕ್ಷರಪ್ಪ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಳಿಯ ಓಂಕಾರಮೂರ್ತಿ, ಹೆಂಡತಿ ಮಾವನ ನಡುವೆ ಮಾತು ಬಿಸಿಯಾದಾಗಲೆಲ್ಲ ಪೇಪರು ಬಿಡಿಸಿಕೊಳ್ಳುವ ಅಭ್ಯಾಸದವನು. ಅವತ್ತು ಮಾತ್ರ ಪೇಪರಿನ ಕೆಳಗಿನಿಂದ ಅವನ ಒಂದು ಕೈ ಹೊರಬಂದು, ಮುರಿದುಬಿದ್ದಿದ್ದ ಬಾಳೆಗೊನೆಯ ತುಂಡನ್ನು ಹಿಡಿದು ಮರಳಿ ಹೋಯಿತು. ಆಮೇಲೆ ಪೇಪರು ಸ್ವಲ್ಪ ಹೊತ್ತು ಕಟಕಟ ಎಂದಿತು.

ವಿಮಲಾಳಿಗೆ ಹೇಸಿಗೆಯಾಗಿದ್ದು ಕೂದಲಿನಿಂದ ಎಂದು ಮನೆಯವರೆಲ್ಲ ತಿಳಿದರು. ನಿಜವಾಗಿ ಅವಳು ಹೇಸಿದ್ದು ಅಪ್ಪನ ಮುಖದ ಮೇಲಿದ್ದ ಉದಾರತೆಯನ್ನು ನೋಡಿ. ಆ ಮುಖಕ್ಕೆ ಅದು ಹೊಸ ಬಟ್ಟೆಯ ಹಾಗೆ ಇನ್ನೂ ಗಂಜಿ ಬಿಡದೆ ಕೂತಿತ್ತು.

ಅವಳೂ ಆರು ವರ್ಷದವಳಿದ್ದಾಗಿನಿಂದ ಅಜ್ಜಂಪುರದಲ್ಲಿ ಆರತಿ ಎತ್ತುತ್ತಿದ್ದಳು. ಬೆಳಗಿ ಮನೆಗೆ ಬಂದರೆ ಬಾಗಿಲಲ್ಲೇ ಅಪ್ಪ ತಟ್ಟೆ ಇಸಕೊಳ್ಳುತ್ತಿದ್ದರು. ಮರುದಿನ ಗೌರಿಯ ಗೋಪುರ ಕುಟ್ಟಾಣಿಗೆ ಬಿದ್ದು ಪುಡಿಯಾಗಿ ಮಂಡಿಯ ಕಾಫಿಗೆ ಹೋಗುತ್ತಿತ್ತು. ಹುಣ್ಣಿಮೆ ಕಳೆದ ಮೇಲೆ ಎಷ್ಟೋ ದಿನ ದಲ್ಲಾಳಿಗಳು ಕೆಂಪು ಛಾಯೆಯ ಕಾಫಿ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು. ಹುಡುಗಿಗೆ ಅಂಗೈಗೆ ಅಂಟಿದ ಪುಡಿಯೂ ಸಿಗುತ್ತಿರಲಿಲ್ಲ. ಇಷ್ಟೇ ಆಗಿದ್ದರೆ ಜಿಪುಣತನ ಎಂದು ಮರೆಯಬಹುದಿತ್ತು. ಆದರೆ ಪಂಚಾಕ್ಷರಪ್ಪನವರು ಮರ್ಯಾದಸ್ಥರು. ಯಾರಾದರೂ ಮಗುವಿನ ಕೈಗೆ ಬತ್ತಾಸು ಇಡಲು ಬಂದರೆ, ನಾಳೆ ಅವರ ಮಗುವಿಗೂ ತಾವು ಇಡಬೇಕಾಗುತ್ತದಲ್ಲ ಎಂದು, ನಯವಾಗಿ ಒಂದು ಮಾತು ಹೇಳುತ್ತಿದ್ದರು: “ನಮ್ಮ ವಿಮಲಂಗೆ ಸಿಹಿ ಆಗಲ್ಲ.”

ಬೇಡ ಎಂದರೆ ಬಲವಂತ ಮಾಡಬಹುದು, ಇಷ್ಟವಿಲ್ಲ ಎಂದರೆ ರುಚಿ ನೋಡು ಎನ್ನಬಹುದು. ಆಗಲ್ಲ ಎಂದರೆ ಮುಗಿಯಿತು. ಅದು ಮೈಯ ವಿಷಯ. ಎಂಥ ಉಪಚಾರದವರೂ ಕೈ ಹಿಂದೆ ತೆಗೆಯುತ್ತಾರೆ. ಮಾತು ಊರಿನಲ್ಲಿ ಹಬ್ಬಿತು, ನೆಂಟರಲ್ಲಿ ನಿಂತಿತು, ಮದುವೆಯಲ್ಲಿ ಪಾತ್ರೆ ಪಡಗದ ಜೊತೆಗೆ ತರೀಕೆರೆಗೂ ಬಂತು. ಅತ್ತೆ ಬದುಕಿದ್ದಷ್ಟು ಕಾಲ ಯುಗಾದಿಯ ದಿನ ಸೊಸೆಗೆ ಬೇವು ಬೆಲ್ಲದಲ್ಲಿ ಬೇವನ್ನೇ ಆರಿಸಿ ಕೊಡುತ್ತಿದ್ದರು, ಪ್ರೀತಿಯಿಂದ. ವಿಮಲಾ ಅದನ್ನು ಅಗಿದು ನುಂಗುತ್ತಿದ್ದಳು. ಹೋಳಿಗೆಯ ಎಲೆಯಲ್ಲಿ ಅವಳಿಗೆ ಎರಡು ಸಲ ಅನ್ನ ಬಡಿಸುತ್ತಿದ್ದರು. ಅವಳಿಗೆ ಅಪ್ಪನಿಂದ ಬೇಕಾಗಿದ್ದದ್ದು ಸಕ್ಕರೆಯಲ್ಲ. ‘ಅದು ಸುಳ್ಳು, ನಾನು ಹೇಳಿದ ಸುಳ್ಳು’ ಎಂಬ ಒಂದು ಮಾತು. ಅದೂ ನಾಲ್ಕು ಜನ ಕೇಳುವ ಹಾಗೆ. ಯಾಕೆಂದರೆ ಸುಳ್ಳನ್ನೂ ನಾಲ್ಕು ಜನ ಕೇಳುವ ಹಾಗೇ ಹೇಳಿದ್ದರು.

ಸಂಜೆ ವಿಮಲಾಳ ಮಗಳು ಗಿರಿಜಾ ಜರಿಯಂಚಿನ ಲಂಗ ಉಟ್ಟು ತಟ್ಟೆ ಹಿಡಿದು ಹೋಗಿ, ಗೌರಿಗೆ ಬೆಳಗಿ, ಬೆಳದಿಂಗಳಲ್ಲಿ ಮನೆಗೆ ಬಂದಳು. ಜಗುಲಿಯ ಮೇಲೆ ಅಜ್ಜ ಅಜ್ಜಿ, ಪೇಪರಿಲ್ಲದ ಓಂಕಾರಮೂರ್ತಿ, ಮತ್ತೆ ಎದುರುಮನೆಯ ಶಂಕರಮ್ಮ ಕೂತಿದ್ದರು. ಶಂಕರಮ್ಮನಿಗೆ ಬೀದಿಯ ಯಾವ ಮನೆಯಲ್ಲಿ ಹಬ್ಬವಾದರೂ ಸರಿ, ಜಗಳವಾದರೂ ಸರಿ, ಕೂರಲು ಜಾಗ ಸಿಗುತ್ತಿತ್ತು.

“ಅಜ್ಜ, ನಂಗೆ ತೇರು!” ಎಂದಳು ಗಿರಿಜಾ.

“ಇಡೀ ತೇರು ಹಿಡಿಸೋ ಬಾಯಾ ನಿಂದು? ತಡಿ, ಮುರಿದು ಕೊಡ್ತೀನಿ.”

ಮುರಿಯಲು ಅವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದರು. ಪಂಚಾಕ್ಷರಪ್ಪನವರು ದಿನಕ್ಕೊಂದು ಡಬ್ಬಿ ನಶ್ಯ ಏರಿಸುವವರು; ಆ ವಸ್ತ್ರ ಒಂದು ಕಾಲದಲ್ಲಿ ಬಿಳಿಯದಾಗಿತ್ತು. ಈಗ ಅದರ ಬಣ್ಣವನ್ನು ಹೇಳದಿರುವುದೇ ವಾಸಿ. ಅದನ್ನು ತೇರಿಗೆ ಹೊದಿಸಿ, ಬಾಯಿಗಿಟ್ಟು ಕಟಕ್ಕನೆ ಕಡಿದರು. ವಸ್ತ್ರ ಸರಿಸಿದಾಗ ಮುರಿದು ಬಂದ ಗುಲಾಬಿ ಚಕ್ರದ ಮೇಲೆ ಕಂದು ಬಣ್ಣದ ಒದ್ದೆ ಗುರುತೊಂದು ಹೊಳೆಯುತ್ತಿತ್ತು.

“ತಗೋ ಕಂದ. ಬಟ್ಟೆ ಮುಚ್ಚಿ ಕಚ್ಚಿದ್ರೆ ಕಾಗೆ ಎಂಜಲು. ಎಂಜಲು ಅನ್ನಂಗಿಲ್ಲ.”

ಮಗು ಬಾಯಿ ತೆರೆದಿತ್ತು. ವಿಮಲಾ ಒಳಗಿನಿಂದ ಬಂದವಳೇ ಚಕ್ರವನ್ನು ಕಿತ್ತು ಚರಂಡಿಗೆ ಎಸೆದಳು. ಕೈಯನ್ನು ಸೆರಗಿಗೆ ಒರೆಸಿ, ಆಮೇಲೆ ಸೆರಗಿನ ಮೇಲೂ ಹೇಸಿಗೆಪಟ್ಟು ಅದನ್ನು ಮೈಯಿಂದ ದೂರ ಹಿಡಿದಳು.

“ಛೆ ಛೆ, ಗೌರಿ ಪ್ರಸಾದ ಕಣೇ ವಿಮಲಾ!” ಎಂದು ಶಂಕರಮ್ಮ ಕೆನ್ನೆ ಬಡಿದುಕೊಂಡು, ತಟ್ಟೆಯಿಂದ ಒಂದು ಗಿಳಿ ಎತ್ತಿ ಮಗುವಿನತ್ತ ಚಾಚಿದರು. “ಹಬ್ಬದ ದಿನ ಒಂಚೂರು ತಿಂದ್ರೆ ಮಗೂಗೇನಾಗುತ್ತೆ?”

“ನಮ್ಮ ಗಿರಿಜಂಗೆ ಸಿಹಿ ಆಗಲ್ಲ” ಎಂದಳು ವಿಮಲಾ.

ಹೇಳಿದ ಮೇಲೆ ಅದು ಅವಳ ಕಿವಿಗೇ ಬಿತ್ತು. ಸ್ವರವೂ ಅದೇ, ನಯವೂ ಅದೇ. ಶಂಕರಮ್ಮನ ಕೈ ಆಗಲೇ ಹಿಂದಕ್ಕೆ ಹೋಗಿತ್ತು.

ಪಂಚಾಕ್ಷರಪ್ಪನವರು ಗಟ್ಟಿಯಾಗಿ ನಕ್ಕರು. “ಮಗೂಗೆ ಯಾಕಾಗಲ್ಲ? ಸಿಹಿ ಆಗದೆ ಇರೋದು ನಿಂಗೆ ಕಣೇ. ಹುಟ್ಟಿದಾಗಿಂದ ಹಂಗೇ. ಕೇಳ್ರೀ ಶಂಕರಮ್ಮ, ಇಷ್ಟುದ್ದ ಇದ್ದಾಗಲೂ ಬತ್ತಾಸು ಕಂಡ್ರೆ ಮುಖ ತಿರುಗಿಸೋಳು.”

“ನಾನು ಮುಖ ತಿರುಗಿಸ್ತಿದ್ನಾ, ನೀವು ತಿರುಗಿಸ್ತಿದ್ರಾ?”

“ಏನಂದೆ?”

“ನಂಗೆ ಆಗಲ್ಲ ಅಂತ ಯಾವ ಡಾಕ್ಟ್ರು ಹೇಳಿದ್ದು, ಅಪ್ಪಾಜಿ? ಒಂದು ದಿನ ಬಾಯಿಗೆ ಹಾಕಿ ನೋಡಿದ್ರಾ? ಆರತಿ ತಟ್ಟೆ ಬಾಗಿಲಲ್ಲೇ ಕಿತ್ಕೊಂಡು ಮಂಡಿ ಕಾಫಿಗೆ ಕುಟ್ಟಿಸ್ತಿದ್ರಲ್ಲ, ಅದು ನೆನಪಿದೆಯಾ?”

ಪಂಚಾಕ್ಷರಪ್ಪನವರು ಹೆಂಡತಿಯ ಕಡೆ ನೋಡಿದರು. ಮುಖದಲ್ಲಿ ಕಪಟವಿರಲಿಲ್ಲ, ಅದೇ ನೋಡಲಾಗದಂಥದ್ದು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. “ಏನೇ ಇದು, ಯಾರ ಮನೆ ಕಥೆ ಹೇಳ್ತಾಳೆ ಇವಳು?”

ತೀರ್ಥಮ್ಮ ಹೂಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತದೆ ಹೇಳಿದರು: “ನಮ್ಮನೇದೇ. ಕುಟ್ಟಿ ಕೊಡ್ತಿದ್ದೋಳು ನಾನೇ. ಸಿಹಿ ಆಗಲ್ಲ ಅಂತ ಮೊದಲು ಅಂದೋರು ನೀವೇ, ಈರಭದ್ರಪ್ಪನೋರ ಅಂಗಡಿ ಮುಂದೆ. ಮಗು ಅವತ್ತು ಅಂಗಡಿಯಿಂದ ಮನೆವರೆಗೂ ಅತ್ತಿತ್ತು.”

ಶಂಕರಮ್ಮ ಕಾಲು ಮಡಚಿ ಇನ್ನೂ ಚೆನ್ನಾಗಿ ಕೂತರು. ಓಂಕಾರಮೂರ್ತಿ ಪೇಪರಿಗಾಗಿ ಸುತ್ತ ನೋಡಿ, ಸಿಗದೆ, ಚಂದ್ರನನ್ನು ನೋಡಿದ. ವಿಮಲಾ ಕಾದಳು. ಅವಳಿಗೆ ಬೇಕಾದ ಮಾತು ಈಗ ಅಪ್ಪನ ಗಂಟಲಲ್ಲಿ ಇದ್ದಂತಿತ್ತು.

ಆದರೆ ಮಾತು ಖರ್ಚು ಮಾಡುವುದಕ್ಕಿಂತ ಸರಕು ಖರ್ಚು ಮಾಡುವುದು ಆ ಹೊತ್ತಿಗೆ ಪಂಚಾಕ್ಷರಪ್ಪನವರಿಗೆ ಸುಲಭವಾಗಿ ಕಂಡಿತು. ಒಳಗೆ ಹೋಗಿ ಬುಟ್ಟಿಯ ತಳದಿಂದ ಒಂದು ಆನೆಯನ್ನು ತಂದರು. ಬಿಳಿಯ ಆನೆ, ಅಂಬಾರಿ ಸಮೇತ, ಮಗುವಿನ ಎರಡು ಮುಷ್ಟಿಯಷ್ಟು ದೊಡ್ಡದು.

“ತಗೋ. ತಿನ್ನು. ಆಗುತ್ತೋ ಇಲ್ವೋ, ಎಲ್ಲಾರ ಮುಂದೇನೇ ನೋಡ್ಬಿಡಾಣ.”

ವಿಮಲಾ ಇಸಕೊಂಡಳು. ಆನೆಯ ಹಿಂಗಾಲನ್ನು ಕಡಿದು, ಕಣ್ಣು ಮುಚ್ಚಿ ಅಗಿದಳು. ಮೊದಲು ತಣ್ಣಗಿತ್ತು. ಆಮೇಲೆ ಸಿಹಿ ಹಲ್ಲಿನ ಬುಡಕ್ಕೆ, ನಾಲಿಗೆಯ ಹಿಂಭಾಗಕ್ಕೆ, ಗಂಟಲಿಗೆ ಜಿಗುಟಾಗಿ ಹತ್ತಿ, ಬಾಯಿತುಂಬ ನೀರೂರಿತು. ಆ ನೀರನ್ನು ನುಂಗಲೂ ಆಗದು, ಉಗಿಯಲೂ ಆಗದು. ಎಲ್ಲರೂ ನೋಡುತ್ತಿದ್ದರು. ನುಂಗಲೇಬೇಕೆಂದು ಅವಳು ಹಟ ಹಿಡಿದಳು. ಮೈ ಬೇರೆ ಹಟ ಹಿಡಿಯಿತು. ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಅವಳು ವಾಂತಿ ಮಾಡಿದ ಸದ್ದು ಜಗುಲಿಗೆ ಸ್ಪಷ್ಟವಾಗಿ ಕೇಳಿಸಿತು.

“ನೋಡಿದ್ರಾ! ನೋಡಿದ್ರಾ!” ಪಂಚಾಕ್ಷರಪ್ಪನವರು ತೊಡೆ ತಟ್ಟಿಕೊಂಡರು. ಹೈಕೋರ್ಟಿನಲ್ಲಿ ವ್ಯಾಜ್ಯ ಗೆದ್ದವರ ಕಳೆ ಬಂದಿತ್ತು ಮುಖಕ್ಕೆ. “ಆಗಲ್ಲ ಅಂದ್ರೆ ಆಗಲ್ಲ. ನಾನೇನು ಸುಳ್ಳು ಹೇಳಿದ್ನಾ, ಶಂಕರಮ್ಮ? ಮೂರ್ತಿಯವ್ರೆ, ನೀವೇ ಹೇಳಿ. ಹೆತ್ತೋರಿಗೆ ಗೊತ್ತಿರಲ್ವಾ?”

“ಅದು ಹಂಗೇ ಮಾವ, ಕೆಲವರಿಗೆ...” ಎಂದ ಓಂಕಾರಮೂರ್ತಿ, ಚಂದ್ರನಿಗೆ.

ವಿಮಲಾ ಮುಖ ತೊಳೆದು ಬಂದಾಗ ಅಪ್ಪನ ಮಮತೆ ಉಕ್ಕುತ್ತಿತ್ತು. ಗೆದ್ದವರಿಗೆ ಅದು ಉಕ್ಕುತ್ತದೆ. “ಹೋಗ್ಲಿ ಬಿಡಮ್ಮ, ನಿನ್ನ ದೇಹ ಪ್ರಕೃತಿ ಅಂಥದ್ದು, ನೀನೇನು ಮಾಡ್ತೀಯಾ. ನಿನ್ನ ಪಾಲಿಂದೂ ಮಗೂನೇ ತಿನ್ಲಿ” ಎಂದು, ಅವಳು ಬಿಟ್ಟುಹೋಗಿದ್ದ ಮೂರು ಕಾಲಿನ ಆನೆಯನ್ನು ಗಿರಿಜಾಳ ತಟ್ಟೆಗೆ ಇಟ್ಟರು.

ವಿಮಲಾ ಬಗ್ಗಿ ಆನೆಯನ್ನು ಎತ್ತಿಕೊಂಡಳು.

“ಇದು ನಂದು.”

“ನಿಂಗೆ ಆಗಲ್ವಲ್ಲೇ!”

“ಆಗದಿದ್ರೆ ಬೇಡ. ನಂದು.”

“ಅಮ್ಮ, ನಂಗೆ ಆನೆ ಬೇಕು” ಎಂದು ಗಿರಿಜಾ ರಾಗ ತೆಗೆದಳು. ದೊಡ್ಡವರ ಗದ್ದಲದ ನಡುವೆ ತಟ್ಟೆಯದನ್ನು ತಾನೇ ಎತ್ತಿ ತಿಂದು ಅವಳ ಬಾಯಿ, ಗಲ್ಲ, ಲಂಗದ ಜರಿಯಂಚು ಎಲ್ಲ ಗುಲಾಬಿಯಾಗಿತ್ತು. “ಒಂದು ಕಿವಿ ಕೊಡಮ್ಮ. ಒಂದೇ ಕಿವಿ.”

“ಕೊಡಲ್ಲ. ನಿನ್ನ ತಟ್ಟೇಲಿ ಅಷ್ಟೊಂದು ಇದೆ, ಎಲ್ಲಾ ತಿನ್ನು. ಇದನ್ನ ಮುಟ್ಟಬೇಡ.”

ಗಿರಿಜಾ ಬಾಯಿಬಿಟ್ಟು ಅಳತೊಡಗಿದಳು. ತೀರ್ಥಮ್ಮನ ಕೈಯಲ್ಲಿ ಬತ್ತಿ ಹಾಗೇ ನಿಂತಿತು. ಶಂಕರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾಳೆ ನಲ್ಲಿಯ ಹತ್ತಿರ ಹೇಳಲು ಇಷ್ಟು ಒಳ್ಳೆಯದು ಸಿಗುತ್ತದೆಂದು ಅವರೂ ಎಣಿಸಿರಲಿಲ್ಲ.

“ಥೂ!” ಪಂಚಾಕ್ಷರಪ್ಪನವರ ಮೂಗು ಸೊಟ್ಟಗಾಯಿತು. “ತಾನು ತಿನ್ನಲ್ಲ, ಮಗೂಗೂ ಕೊಡಲ್ಲ. ಹಬ್ಬದ ದಿನ ಹೆತ್ತ ಮಗು ಬಾಯಿಂದ ಸಕ್ಕರೆ ಕಿತ್ಕೊತಾಳಲ್ಲ, ಎಂಥ ತಾಯಿ ಇವಳು! ಅಸಹ್ಯ ಆಗಲ್ವೇನೇ ನಿಂಗೆ?”

“ಆಗುತ್ತೆ” ಎಂದಳು ವಿಮಲಾ.

ಒಳಗೆ ಹೋಗಿ ಹಿತ್ತಾಳೆ ಡಬ್ಬಿಯೊಂದನ್ನು ಖಾಲಿ ಮಾಡಿ, ಆನೆಯನ್ನು ಅದರಲ್ಲಿಟ್ಟು, ಮುಚ್ಚಳ ಒತ್ತಿದಳು. ಜಗುಲಿಯಲ್ಲಿ ಅಪ್ಪ ಇನ್ನೂ ಛೀಮಾರಿ ಹಾಕುತ್ತಿದ್ದರು, ಮಗು ಇನ್ನೂ ಅಳುತ್ತಿತ್ತು. ವಿಮಲಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಡಿಗೆಮನೆಯ ಹೊಸಿಲ ಮೇಲೆ ಕೂತಳು. ಏಳಲಿಲ್ಲ.