ಬಿಸಿಲಿನ ಕುಂಡ, ಕತ್ತಲೆಯ ಕುಂಡ

ಬುಟ್ಟಿ ಎತ್ತಿದ ದೇವೇಂದ್ರಪ್ಪ ಮಾಸ್ತರನಿಗೆ ಮೈಯೆಲ್ಲ ಉರಿದುಹೋಯಿತು. ಸಾಲೆಯ ಸಾಮಾನು ಕೋಣೆಯ ಕತ್ತಲಲ್ಲಿ ಎಂಟು ದಿನ ಮುಚ್ಚಿಟ್ಟಿದ್ದ ಮಣ್ಣಿನ ಕುಂಡಕ್ಕೆ ಯಾರೋ ಅರಿಸಿನ ಬಳಿದಿದ್ದರು, ಕುಂಕುಮ ಹಚ್ಚಿದ್ದರು, ಸುತ್ತಲೂ ಚೆಂಡುಹೂವಿನ ಸರ ಇಟ್ಟಿದ್ದರು. ಒಳಗೆ ಜೋಳದ ಸಸಿಗಳು ಗೇಣುದ್ದ ಬೆಳೆದು ಹಳದಿ ಹಳದಿಯಾಗಿ ನಿಂತಿದ್ದವು. ಬಾಗಿಲಲ್ಲಿ ಇಡೀ ತರಗತಿ ಕತ್ತು ಚಾಚಿತ್ತು. ಅದರ ಹಿಂದೆ ಹೆಡ್‌ಮಾಸ್ತರ್ ಫಕ್ರುದ್ದೀನ ಸಾಹೇಬರು.

ಉರ್ದುವೇ ಸರಕಾರದ ಭಾಷೆಯಾಗಿದ್ದ ಆ ಕಾಲದಲ್ಲಿ ಯಲಬುರ್ಗಾ ಸೀಮೆಯ ಆ ಸಾಲೆಯಲ್ಲಿ ವಿಜ್ಞಾನವೆಂದರೆ ಉರ್ದು ಪುಸ್ತಕವನ್ನು ಉರು ಹೊಡೆದು ಒಪ್ಪಿಸುವುದು. ಗಿಡಕ್ಕೆ ಬೆಳಕು ಬೇಕೆಂದು ಮಕ್ಕಳೆಲ್ಲ ಉರ್ದುವಿನಲ್ಲಿ ಸರಾಗವಾಗಿ ಹೇಳುತ್ತಿದ್ದರು. ಹಾಗೆಂದರೇನೆಂದು ಕೇಳಿದರೆ ತೊಲೆ ನೋಡುತ್ತಿದ್ದರು. ಪುಸ್ತಕ ಮುಚ್ಚಿಸಿ ಕಣ್ಣಿಗೇ ತೋರಿಸುತ್ತೇನೆಂದು ದೇವೇಂದ್ರಪ್ಪ ತಿಂಗಳುಗಟ್ಟಲೆ ಸಾಹೇಬರ ಬೆನ್ನು ಹತ್ತಿದ್ದ. ಮೊದಲ ಸಲ ಬಿಸಿಲಲ್ಲಿಟ್ಟ ಕುಂಡದ ಸಸಿಗಳನ್ನು ಆಡು ಮೇದು ಹೋಯಿತು.

"ಇನ್ನೊಂದ ಸಲ ಮಾಡ್ರಿ," ಎಂದಿದ್ದರು ಸಾಹೇಬರು. "ಹುಡುಗರು ತಾವ ವಿಚಾರ ಮಾಡಿ ಮಾತಾಡಿದ್ರ ಸರಿ. ಇಲ್ಲಾಂದ್ರ ಕಿತಾಬು ತಗೀರಿ, ಬಾಯಿಪಾಠ ಹಚ್ರಿ. ಮತ್ತ ಕುಂಡದ ಸುದ್ದಿ ಬ್ಯಾಡ."

ಹಾಗಾಗಿ ಈ ಸಲ ಯಾವುದಕ್ಕೂ ಸಂದು ಬಿಟ್ಟಿರಲಿಲ್ಲ. ಎರಡು ಕುಂಡ, ಒಂದೇ ಹೊಲದ ಮಣ್ಣು, ಇಪ್ಪತ್ತಿಪ್ಪತ್ತು ಕಾಳು, ದಿನಕ್ಕೊಂದು ಬಟ್ಟಲು ನೀರು. ಒಂದು ಕುಂಡ ಅಂಗಳದ ಮುಳ್ಳುಬೇಲಿಯೊಳಗೆ ಬಿಸಿಲಿಗೆ, ಇನ್ನೊಂದು ಕತ್ತಲಿಗೆ. "ಎಲ್ಲಾ ಒಂದ ಇರಬೇಕು, ಬೆಳಕಷ್ಟ ಬ್ಯಾರೆ," ಎಂದು ಗಂಟಲು ಹರಿಯುವ ತನಕ ಹೇಳಿದ್ದ. ಎಂಟು ದಿನ ತಾನೂ ಸೇರಿ ಯಾರೂ ಬುಟ್ಟಿ ಎತ್ತಬಾರದು. ಕಸ ಗುಡಿಸುವ ಮಾರೆವ್ವ ಮಾತ್ರ ಸಂಜೆ ನೀರು ಹಾಕಬೇಕು. ಕೋಣೆಯ ಕೀಲಿ ಅವಳ ಹತ್ತಿರವೇ ಇರುತ್ತಿತ್ತು.

ಕಾಳು ಬಿತ್ತಿದ್ದು ನವರಾತ್ರಿಯ ಮೊದಲ ದಿನ ಎಂಬುದೊಂದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಅವತ್ತೇ ಊರಿನ ಮನೆಮನೆಯಲ್ಲೂ ದೇವರ ಕೋಣೆಯ ಕತ್ತಲಲ್ಲಿ ಮಣ್ಣು ಹರವಿ, ಕಾಳು ಬಿತ್ತಿ ಘಟ್ಟ ಹಾಕುತ್ತಾರೆ. ಸಸಿ ಎಷ್ಟು ಹಳದಿಯೋ ದೇವಿ ಅಷ್ಟು ಒಲಿದಳೆಂದು ನಂಬುತ್ತಾರೆ. ಅವನ ಅವ್ವನೂ ಹಾಕುತ್ತಿದ್ದಳು. ಓದಿ ಬಂದ ತಲೆಗೆ ಅದು ಹೊಳೆಯಲೇ ಇಲ್ಲ.

"ಮಾರೆವ್ವಾ, ಏನಿದು?"

"ಮಾಸ್ತರ್ರು ಘಟ್ಟ ಹಾಕ್ಯಾರ ಅಂದ್ಕೊಂಡ್ನಿರಿ. ಬರೇ ನೀರ ಹಾಕಿ ಬಿಟ್ರ ಹೇಮಗುಡ್ಡದ ತಾಯಿ ಸುಮ್ಕಿರ್ತಾಳೇನ್ರಿ?"

"ಇದು ದೇವಿ ಅಲ್ಲ ಮಾರೆವ್ವಾ, ಜ್ವಾಳ."

"ಕಾಳಿನಾಗ ಇಲ್ಲಂದ್ರ ಆಕಿ ಮತ್ತೆಲ್ಲಿ ಅದಾಳ್ರಿ?"

ದೇವೇಂದ್ರಪ್ಪನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೂ ಸಾಹೇಬರು ನಿಂತಿದ್ದರಲ್ಲ, ಎರಡೂ ಕುಂಡಗಳನ್ನು ಅಂಗಳದಲ್ಲಿ ಒತ್ತಟ್ಟಿಗೆ ಇಟ್ಟ. ಬಿಸಿಲಿನ ಸಸಿಗಳು ಗಿಡ್ಡಗೆ, ದಟ್ಟ ಹಸಿರಾಗಿದ್ದವು.

"ಯಾವ್ದು ಛಲೋ ಬೆಳದೈತಿ?"

"ಹಳದೀದ್ರಿ," ಎಂದವು ಮಕ್ಕಳು ಒಂದೇ ಧ್ವನಿಯಲ್ಲಿ.

"ಯಾಕ?"

"ದೇವಿ ಒಲದಾಳ್ರಿ."

ಫಕ್ರುದ್ದೀನ ಸಾಹೇಬರು ಗಡ್ಡದೊಳಗೇ ಕೆಮ್ಮಿದರು. ಆಮೇಲೆ ಕಪಾಟಿನಿಂದ ಉರ್ದು ಪುಸ್ತಕ ತಂದು ಅವನ ಕೈಗಿಟ್ಟರು. "ನಾಳಿಂದ ಮುಂದಿನ ಸಬಕ್ ಹಚ್ರಿ," ಎಂದರು, ಮೆತ್ತಗೆ. ಬೈದಿದ್ದರೆ ಅವನಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

"ಸ್ವಲ್ಪ ತಡೀರಿ ಸಾಹೇಬ್ರ," ಎಂದಳು ಮಾರೆವ್ವ. ಕಸಬರಿಗೆಯನ್ನು ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡಳು. "ತಪ್ಪು ನಂದೈತ್ರಿ. ಎಲ್ಲಾ ಒಂದ ಇರಬೇಕು, ಬೆಳಕಷ್ಟ ಬ್ಯಾರೆ ಅಂತ ಮಾಸ್ತರ್ರು ಒದರೋದನ್ನ ಕಸಾ ಹೊಡಕೋತ ನಾನೂ ಕೇಳೀನಿ. ನಾ ಒಂದಕ್ಕ ಅಷ್ಟ ಪೂಜಿ ಮಾಡಿಬಿಟ್ನಿ. ಈಗ ಹಳದಿ ಆಗಿದ್ದು ಕತ್ತಲಿಗೋ ಪೂಜಿಗೋ, ಹೆಂಗ ಹೇಳ್ತೀರಿ? ಎರಡಕ್ಕೂ ಮಾಡಬೇಕಿತ್ರಿ."

ಸಾಹೇಬರು ಮಾರೆವ್ವನನ್ನು ನೋಡಿದರು, ಕುಂಡಗಳನ್ನು ನೋಡಿದರು. ಪುಸ್ತಕವನ್ನು ದೇವೇಂದ್ರಪ್ಪನ ಕೈಯಿಂದ ವಾಪಸು ತೆಗೆದುಕೊಂಡರು.

"ಇನ್ನೂ ಎಂಟ ದಿನ ತಗೋರಿ," ಎಂದರು.

"ಎರಡಕ್ಕೂ ಪೂಜಿ ಮಾಡದಿದ್ರೂ ನಡೀತೈತಿ ಮಾರೆವ್ವಾ," ಎಂದ ದೇವೇಂದ್ರಪ್ಪ, ಉಳಿದಿದ್ದ ತಾಳ್ಮೆಯನ್ನೆಲ್ಲ ಒಟ್ಟುಗೂಡಿಸಿ.

"ನವರಾತ್ರ್ಯಾಗ ಅದು ಆಗದ ಮಾತ್ರಿ."

ಅವತ್ತೇ ಹೊಸ ಮಣ್ಣು ಬಂತು, ಕಾಳು ಬಿದ್ದವು. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ದೇವರಿಗೆ ಕೈ ಮುಗಿದಿರದ ದೇವೇಂದ್ರಪ್ಪ ಹಲ್ಲು ಕಚ್ಚಿಕೊಂಡು ಕುಂಕುಮದ ಬಟ್ಟಲಿಗೆ ಬೆರಳದ್ದಿದ. ಒಂದು ಕುಂಡಕ್ಕೆ ಹಚ್ಚಿದ, ಇನ್ನೊಂದಕ್ಕೂ ಹಚ್ಚಿದ. ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿ ಕಳಕಮ್ಮ ಎರಡನ್ನೂ ದಿಟ್ಟಿಸಿದಳು.

"ಮಾಸ್ತರ್ರ, ಬಿಸಿಲಿನ ಕುಂಡಕ್ಕ ಕುಂಕುಮ ಜಾಸ್ತಿ ಆತ್ರಿ."

ದೇವೇಂದ್ರಪ್ಪ ಬಗ್ಗಿ ನೋಡಿದ. ಹೌದು, ಜಾಸ್ತಿಯಾಗಿತ್ತು. ಹೆಬ್ಬೆರಳಿನಿಂದ ಅಷ್ಟನ್ನು ಒರೆಸಿ ಹಿಂದೆ ಸರಿದ. ಮಕ್ಕಳೆಲ್ಲ ಮತ್ತೊಮ್ಮೆ ಬಗ್ಗಿ ನೋಡಿದರು.