ಮನೆಯೊಳಗೇ ಕೂತು ಮಾತಾಡು

ಹೂಟಗಳ್ಳಿಯ ಆ ಬೀದಿಯಲ್ಲಿ ಯಾರಿಗಾದರೂ ವಿಡಿಯೋ ಕಾಲ್ ಮಾಡುವುದಿದ್ದರೆ ಕುರ್ಚಿ ಎತ್ತಿಕೊಂಡು ನೀರಿನ ಟ್ಯಾಂಕಿನ ಬುಡಕ್ಕೆ ಹೋಗುವುದು ವಾಡಿಕೆ. ಮನೆಯೊಳಗೆ ಸಿಗ್ನಲ್ ಹೆಸರಿಗೆ ಮಾತ್ರ. ಫೋನಿನ ಮೇಲೆ 5ಜಿ ಎಂದು ಠೀವಿಯಿಂದ ಬರೆದಿರುತ್ತದೆ; ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತದೆ. ಮಹದೇವಸ್ವಾಮಿಗೆ ಈ ಕುರ್ಚಿ ಮೆರವಣಿಗೆ ಕಂಡರೆ ಮೈ ಉರಿಯುತ್ತಿತ್ತು. ಅವನು ಪಕ್ಕದ ಹೆಬ್ಬಾಳದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವನು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲು ವಾಪಸ್ಸು ಬರುತ್ತದೆ ಅಲ್ಲಿ. ಹೇಳಿದ್ದನ್ನು ಕೊಡದೆ ದುಡ್ಡು ತೆಗೆದುಕೊಳ್ಳುವುದು ಅವನಿಗೆ ಅರ್ಥವಾಗದ ವಿದ್ಯೆ.

ಮಗಳು ಧರಣಿಗೆ ಮಂಗಳೂರಿನ ಆಸ್ಪತ್ರೆಯೊಂದರಿಂದ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ವಿಡಿಯೋ ಸಂದರ್ಶನ ಬಂತು. ವರ್ಷದಿಂದ ಕಾದಿದ್ದ ಕೆಲಸ. ಅವನು ತನ್ನ ಫೋನಿಗೆ ಅಂಗಡಿಯಲ್ಲಿದ್ದ ಅತಿ ದುಬಾರಿ ಡೇಟಾ ಪ್ಯಾಕನ್ನೇ ಹಾಕಿಸಿ ಅವಳ ಕೈಗೆ ಕೊಟ್ಟ. ಸಂದರ್ಶನದ ದಿನ ಅವಳೂ ಕುರ್ಚಿ ಎತ್ತಿದಳು.

"ಟ್ಯಾಂಕ್ ಹತ್ರ ಹೋಯ್ತೀನಿ ಅಪ್ಪಾಜಿ. ಎಲ್ರೂ ಅಲ್ಲೇ ಹೋಗದು."

"ಬೀದೀಲಿ ಕೂತ್ಕೊಂಡು ಕೆಲ್ಸ ಕೇಳ್ತೀಯಾ? ನಾವೇನು ಬಿಟ್ಟಿ ತಗೊಂಡಿದ್ದೀವಾ? ಮನೆಯೊಳಗೇ ಕೂತು ಮಾತಾಡು ಕಣವ್ವ."

ಮೂರನೇ ಪ್ರಶ್ನೆ ಕೇಳುತ್ತಿದ್ದ ಡಾಕ್ಟರಮ್ಮ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟರು. ಧರಣಿ ಫೋನು ಹಿಡಿದು ಕಿಟಕಿಗೆ ಓಡಿದಳು, ಹಿತ್ತಲಿಗೆ ಓಡಿದಳು. ಕೊನೆಗೆ ಬರಿಗಾಲಲ್ಲಿ ಟ್ಯಾಂಕಿನ ಹತ್ತಿರ ತಲುಪುವಷ್ಟರಲ್ಲಿ ಅವಳ ಸರದಿ ಮುಗಿದಿತ್ತು. ಇನ್ನೊಮ್ಮೆ ಅವಕಾಶ ಕೊಡಿ ಎಂದು ಆಸ್ಪತ್ರೆಗೆ ಬರೆದು ಕಾದಳು.

ಮಹದೇವಸ್ವಾಮಿ ಮೊಬೈಲ್ ಕಂಪನಿಗೆ ದೂರು ಕೊಟ್ಟ. ಐದನೇ ದಿನ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅಲ್ಲಿಂದ ನಾಗಾರ್ಜುನ ಎಂಬವನು ಬಂದ. ನಡುಮನೆಯಲ್ಲಿ ವೇಗ ಅಳೆದ, ಮುಖ ಸಣ್ಣಗಾಯಿತು. ಸರಸರನೆ ಬೀದಿಗಿಳಿದು, ಟ್ಯಾಂಕಿನ ಕಡೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಅಳೆದ.

"ನೋಡಿ ಸಾರ್, ಇಲ್ಲಿ ಎಂಬತ್ತು ಎಂಬಿ ಸ್ಪೀಡ್ ಬತ್ತಾ ಇದೆ. ಸಕತ್ತಾಗಿದೆ."

"ನಾವು ಮನೆ ಬಿಟ್ಟು ಬೀದೀಲಿ ಸಂಸಾರ ಮಾಡ್ಬೇಕಾ?"

"ಮನೆಯೊಳಗಿಂದು ನಾವು ಗ್ಯಾರಂಟಿ ಕೊಡಲ್ಲ ಸಾರ್. ನಿಮ್ಮ ಗೋಡೆ ದಪ್ಪ."

"ಥೂ! ಪ್ಯಾಕ್ ಮಾರೋವಾಗ ನನ್ನ ಗೋಡೆ ಕಾಣ್ಸಿರ್ಲಿಲ್ವೇನಯ್ಯ ನಿಮಗೆ?"

ಹೇಸಿಗೆಯಾಯಿತು ಅವನಿಗೆ. ಕಂಪನಿಯ ಮೇಲೆ, ಎದುರಿಗೆ ಹಲ್ಲು ಕಿರಿಯುತ್ತಿದ್ದವನ ಮೇಲೆ, ಅದಕ್ಕಿಂತ ಹೆಚ್ಚಾಗಿ ಮಗಳ ಕೈಯಿಂದ ಕುರ್ಚಿ ಕೆಳಗಿಡಿಸಿದ ತನ್ನ ಜಂಬದ ಮೇಲೆ.

"ನಿಮ್ಮ ಫೋನ್‌ಗೆ ಓಟಿಪಿ ಬಂದದೆ, ಹೇಳ್ಬುಡಿ ಸಾರ್. ಕಂಪ್ಲೇಂಟ್ ಕ್ಲೋಸ್ ಮಾಡ್ಬೇಕು."

"ಏನು ಸರಿ ಮಾಡ್ದೆ ಅಂತ ಕ್ಲೋಸ್ ಮಾಡೀಯಾ? ಕೊಡಲ್ಲ, ಹೋಗು."

ಇಮೇಲ್ ನೋಡಲೆಂದು ಅಪ್ಪನ ಫೋನು ಹಿಡಿದು ಬಾಗಿಲಲ್ಲಿ ನಿಂತಿದ್ದ ಧರಣಿ ಮೆಲ್ಲಗೆ ಅಂದಳು: "ಕೊಟ್ಬುಡಿ ಅಪ್ಪಾಜಿ. ಇನ್ಯಾತಕ್ಕೆ ಜಗಳ? ಆಸ್ಪತ್ರೆಯವ್ರು ಬೇರೆಯವ್ರನ್ನ ತಗೊಂಡ್ಬುಟ್ರಂತೆ."

ಅವಳೇ ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದಳು. ನಾಗಾರ್ಜುನ ಒತ್ತಿಕೊಂಡ. ಅವಳು ಫೋನು ಹಿಡಿದು ಒಳಗೆ ಹೋದಳು. ಅವನು ಬೈಕ್ ಹತ್ತುವುದಕ್ಕೂ ಮೊದಲೇ, ಅದೇ ನಡುಮನೆಯಲ್ಲಿ, ಅದೇ ಫೋನಿಗೆ, ಒಂದು ಕ್ಷಣವೂ ತಡವರಿಸದೆ ಸಂದೇಶ ಬಂತು: ನಿಮ್ಮ ಸಮಸ್ಯೆ ಬಗೆಹರಿದಿದೆ.