ಸ್ನಾನದ ತೊಟ್ಟಿಯಲ್ಲಿದ್ದ ಕೀಲುಗಳು

ತಮ್ಮ ತೀರಿಕೊಂಡನೆಂದು ಆಸ್ಪತ್ರೆಯಿಂದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರಿಗೂ ಸ್ನಾನಕ್ಕೆ ಜಾಗವಿರಲಿಲ್ಲ. ತೊಟ್ಟಿಯ ತುಂಬ ವಿನೆಗರ್, ಅದರೊಳಗೆ ಅವನ ಹಳೆಯ ಕಾರಿನ ಬಾಗಿಲುಗಳ ಕೀಲುಗಳು. ತುಕ್ಕು ಬಿಡಲೆಂದು ನೆನೆಹಾಕಿ, "ಈಗ ಬಂದೆ" ಎಂದು ಅಂಗಡಿಗೆ ಹೊರಟವನು ಬೀದಿಯಲ್ಲೇ ಕುಸಿದಿದ್ದ.

ನೆಂಟರು ಬರುವ ಹೊತ್ತಾಗಿತ್ತು. ನಾನೂ ತಮ್ಮನ ಹೆಂಡತಿಯೂ ಕೀಲುಗಳನ್ನು ಎತ್ತಿ, ನೀರಿನಲ್ಲಿ ಚೆನ್ನಾಗಿ ತೊಳೆದು ಗೋಡೆಯ ಪಕ್ಕ ಇಟ್ಟೆವು. ತುಕ್ಕೆಲ್ಲ ಬಿಟ್ಟು ಒಳಗಿನ ಲೋಹ ಹೊಳೆಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲವೂ ಕೆಂಪಾಗಿದ್ದವು.

ಅಲ್ಲಿಯವರೆಗೆ ಅಳದಿದ್ದವಳು ಅದನ್ನು ನೋಡಿ ಅತ್ತಳು. "ಅವರು ಕೊನೇದಾಗಿ ಮಾಡಿಟ್ಟ ಕೆಲಸ, ಭಾವ. ಒಂದು ರಾತ್ರಿ ಕಾಪಾಡೋಕೆ ನಮ್ಮ ಕೈಲಾಗಲಿಲ್ಲ."

"ಅಳಬೇಡಮ್ಮ. ಅವನು ಬಿಟ್ಟುಹೋದ ಹಾಗೇ ಮಾಡಿಕೊಡ್ತೀನಿ" ಎಂದುಬಿಟ್ಟೆ.

ಬಂದವರೆಲ್ಲ ಹೋದ ಮೇಲೆ ಹಿತ್ತಿಲಲ್ಲಿ ತಂತಿ ಬ್ರಷ್ ಹಿಡಿದು ಕೂತೆ. ಬೆರಳ ಚರ್ಮ ಸುಲಿಯಿತು. ಜಪ ಮಾಡುತ್ತ ಉಜ್ಜಿದರೆ ನಡುನಡುವೆ ದೇವರ ಹೆಸರಿನ ಜಾಗಕ್ಕೆ ಬೈಗುಳ ಬಂದು ಕೂರುತ್ತಿತ್ತು. ಉಜ್ಜಿದೆ, ನೆನೆಹಾಕಿದೆ, ಶುದ್ಧ ನೀರಿನಲ್ಲಿ ತೊಳೆದು ದೇವರ ಮುಂದಿಟ್ಟೆ. ಬೆಳಗ್ಗೆ ಕೆಂಪು. ಕೊಳೆ ಉಳಿದಿರಬೇಕೆಂದು ಮರುದಿನ ಇನ್ನಷ್ಟು ತೊಳೆದೆ. ಇನ್ನಷ್ಟು ಕೆಂಪು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಪಾಡು.

ಸತ್ತವರ ಮೇಲೆ ಸಿಟ್ಟಾಗಬಾರದು. ಆದೆ. ಚಿಕ್ಕಂದಿನಿಂದಲೂ ಅಷ್ಟೇ, ಕೆಲಸ ಶುರುಮಾಡಿ ಮಾಯವಾಗುವುದು ಅವನ ಚಾಳಿ, ಮುಗಿಸುವುದು ಅಣ್ಣನ ಪಾಲು.

ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿದ. "ಏನು ಯಜಮಾನ್ರೇ, ದಿನಾ ನೀರು ಹಾಕ್ತೀರಿ. ಚಿಗುರುತ್ತಾ?"

"ಚಿಗುರೋದೇನು, ದಿನಾ ಬೆಳಗ್ಗೆ ಹೂ ಬಿಡುತ್ತೆ. ಕಿತ್ಕೊಂಡು ಹೋಗು."

ನಾನು ತಂಬಿಗೆ ಎತ್ತುವುದನ್ನು ಕಂಡು ತಮ್ಮನ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಭಾವ, ದಿನಾ ತೊಳೆದು ಒದ್ದೆಯಾಗೇ ಇಡ್ತಿದ್ದೀರಾ?"

"ಹೊಲಸು ಹೋಗಬೇಡ್ವೇನಮ್ಮ?"

"ಕಬ್ಬಿಣದ ಬಾಣಲೆ ತೊಳೆದು ಯಾರಾದ್ರೂ ಹಾಗೇ ಇಡ್ತಾರಾ? ನೀವು ಅಡುಗೆಮನೆಗೆ ಊಟಕ್ಕೆ ಮಾತ್ರ ಬಂದೋರು, ಬಿಡಿ. ಆವತ್ತು ನನಗಾದ್ರೂ ಹೊಳೀಬೇಕಿತ್ತು."

ಕೀಲುಗಳನ್ನು ಇನ್ನೊಮ್ಮೆ ಉಜ್ಜಿ ಕೊಟ್ಟೆ. ಆಕೆ ತೊಳೆದ ತಕ್ಷಣವೇ ಒರೆಸಿ, ಒಲೆಯ ಮೇಲಿಟ್ಟು ಹಸಿಯಾರಿಸಿ, ಬಿಸಿಯಿರುವಾಗಲೇ ಬಟ್ಟೆಯಿಂದ ಎಣ್ಣೆ ಸವರಿದಳು. ಮನೆ ತುಂಬ ಹೊಗೆ. ಇಬ್ಬರೂ ಕೆಮ್ಮಿದೆವು.

ಮರುದಿನ ಅವು ಕಪ್ಪಗಿದ್ದವು. ಕೆಂಪಿನ ಒಂದು ಚುಕ್ಕೆಯೂ ಇಲ್ಲ. ಆದರೆ ನನ್ನ ಉಜ್ಜಾಟಕ್ಕೆ ಅಂಚುಗಳು ಸವೆದಿದ್ದವು, ದಿನಾ ಹಿಡಿದ ತುಕ್ಕಿಗೆ ಮೈಯೆಲ್ಲ ಗುಳಿ ಬಿದ್ದಿತ್ತು.

"ಅವರು ಬಿಟ್ಟ ಹಾಗಿಲ್ಲ" ಎಂದಳು.

"ಇಲ್ಲಮ್ಮ."

ಆಕೆ ಒಂದು ಕೀಲನ್ನು ಮಡಿಸಿ ಬಿಡಿಸಿ ನೋಡಿದಳು. ಸಲೀಸಾಗಿ ಆಡಿತು. "ಕೆಲಸ ಮಾಡುತ್ತಲ್ಲ, ಸಾಕು. ಕಾರಿಗೆ ಬಾಗಿಲು ಕೂರಿಸೋಣ. ನೀವು ಎತ್ತಿ ಹಿಡೀರಿ."

ಎತ್ತಿ ಹಿಡಿದೆ. ಸೊಂಟ ಹಿಡಿದುಕೊಂಡಿತು. ಆಕೆ ತಿರುಪು ಬಿಗಿಯುವವರೆಗೂ ಹಾಗೇ ನಿಂತು ಮನಸ್ಸಿನಲ್ಲೇ ಬೇಡಿಕೊಂಡೆ:

ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಉಳಿದ ಬಾಗಿಲುಗಳನ್ನು ನಾವು ನೋಡಿಕೊಳ್ಳುತ್ತೇವೆ. ಅಲ್ಲಿ ಅವನ ಕೈಗೆ ಯಾವ ಕೆಲಸವನ್ನೂ ಕೊಡಬೇಡ. ನಿನ್ನ ಪಾದದ ಬಳಿ ಸುಮ್ಮನೆ ಕೂತಿರಲಿ.